ಉಬ್ಬಸಕ್ಕೆ ಮೀನು, ಗಣಿತಕ್ಕೆ ರಜೆ

ಮೃಗಶಿರಾ ಮಳೆ ಹುಟ್ಟಿತೆಂದರೆ ಹೈದರಾಬಾದಿನ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಕ್ಯೂ. ಕರ್ನಾಟಕದಿಂದಲೂ ಹೋಗುತ್ತಾರೆ. ಎರಡು-ಮೂರು ಇಂಚಿನ ಜೀವಂತ ಕೊರಮೀನಿನ ಮರಿ, ಅದರ ಬಾಯಿಗೆ ಹಳದಿ ಮುದ್ದೆ, ಎರಡೂ ಸೇರಿ ಉಬ್ಬಸದವರ ಗಂಟಲಿಗೆ. ಮೀನು ಒದಗಿಸುವುದು ಸಾಕ್ಷಾತ್ ಸರ್ಕಾರದ ಮೀನುಗಾರಿಕೆ ಇಲಾಖೆ. ಮೊದಲು ಇದು ‘ಮದ್ದು’. ವಿಚಾರವಾದಿಗಳು ಕೋರ್ಟು ಹತ್ತಿದ ಮೇಲೆ ‘ಪ್ರಸಾದ’. ಪ್ರಸಾದಕ್ಕೆ ಡೋಸ್ ಎಷ್ಟು ಅಂತ ಕೇಳುವ ಹಾಗಿಲ್ಲವಲ್ಲ.

ಮೀನು ಬಾಲ ಬಡಿಯುತ್ತಾ ಇಳಿಯುವಾಗ ಕಫ ಗುಡಿಸಿಕೊಂಡು ಹೋಗುತ್ತದಂತೆ. ಗುಡಿಸೀತು, ಪಕ್ಕದ ಮನೆಯನ್ನು. ಮೀನು ಇಳಿಯುವುದು ಅನ್ನನಾಳದಲ್ಲಿ, ಸಿಳ್ಳೆ ಹೊಡೆಯುವುದು ಶ್ವಾಸನಾಳ. ಅಪ್ಪಿತಪ್ಪಿ ಸರಿಯಾದ ಮನೆಗೇ ಹೊಕ್ಕರೆ ಮುಂದಿನ ಸವಾರಿ ಆಂಬುಲೆನ್ಸಿನಲ್ಲಿ.

ಈಗ ವಾಟ್ಸಾಪ್ ಪಂಡಿತರು ಹೊಸ ರಾಗ ಎತ್ತಿದ್ದಾರೆ: “ಮೀನಲ್ಲಿ ಒಮೇಗಾ-3 ಕೊಬ್ಬು ಇದೆ, ಹಿರಿಯರಿಗೆ ಮೊದಲೇ ಗೊತ್ತಿತ್ತು.” ಅರ್ಧ ಸತ್ಯವಾದ್ದರಿಂದ ಇದು ಪೂರ್ತಿ ಸುಳ್ಳಿಗಿಂತ ತಾಪತ್ರಯದ್ದು. ಜೀವಕೋಶದ ಪೊರೆಯಲ್ಲಿ ಒಮೇಗಾ-6 ವಂಶದ ಅರಾಕಿಡೋನಿಕ್ ಆಮ್ಲವೆಂಬ ಇನ್ನೊಂದು ಕೊಬ್ಬು ಕೂತಿರುತ್ತದೆ. ಅಲರ್ಜಿ ಕೆರಳಿದಾಗ ಒಂದು ಕಿಣ್ವದ ಮೂಲಕ ಅದರಿಂದ ಲ್ಯೂಕೋಟ್ರೈಯೀನ್‌ಗಳು ತಯಾರಾಗಿ ಶ್ವಾಸನಾಳದ ಸ್ನಾಯು ಹಿಂಡುತ್ತವೆ, ಲೋಳೆ ಸುರಿಸುತ್ತವೆ. ಡಾಕ್ಟರು ಬರೆಯುವ ಮಾಂಟೆಲುಕಾಸ್ಟ್ ತಡೆಯುವುದು ಇವುಗಳನ್ನೇ. ಮೀನೆಣ್ಣೆಯ ಇಪಿಎ ಎಂಬ ಒಮೇಗಾ-3 ಅದೇ ಕಿಣ್ವಕ್ಕೆ ಪೈಪೋಟಿಗೆ ನಿಂತು, ಕಸುವಿಲ್ಲದ ಲ್ಯೂಕೋಟ್ರೈಯೀನ್ ತಯಾರಿಸುತ್ತದೆ. ಅಷ್ಟು ನಿಜ.

ಎಷ್ಟು ಬೇಕು? ಡೆನ್ಮಾರ್ಕಿನಲ್ಲಿ 736 ಗರ್ಭಿಣಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ 24ನೇ ವಾರದಿಂದ ದಿನಕ್ಕೆ 2.4 ಗ್ರಾಂ ಒಮೇಗಾ-3, ಇನ್ನೊಂದಕ್ಕೆ ಆಲಿವ್ ಎಣ್ಣೆ. ಮಕ್ಕಳಲ್ಲಿ ಪದೇಪದೇ ಉಬ್ಬಸ ಅಥವಾ ಅಸ್ತಮಾ ಕಂಡದ್ದು ಮೊದಲ ಗುಂಪಿನಲ್ಲಿ ಶೇ. 16.9, ಎರಡನೆಯದರಲ್ಲಿ ಶೇ. 23.7. ಲಾಭ ಹೆಚ್ಚು ಸಿಕ್ಕಿದ್ದು ರಕ್ತದಲ್ಲಿ ಇಪಿಎ, ಅದರ ಸೋದರ ಒಮೇಗಾ-3 ಆದ ಡಿಎಚ್‌ಎ ಕಡಿಮೆಯಿದ್ದ ತಾಯಂದಿರ ಮಕ್ಕಳಿಗೆ. ಆಗಲೇ ಅಸ್ತಮಾ ಅಂಟಿಸಿಕೊಂಡ ದೊಡ್ಡವರಿಗೆ ಮೀನೆಣ್ಣೆಯಿಂದ ಇಂಥ ಖಾತ್ರಿ ಫಲ ಕಂಡಿಲ್ಲ. ಇನ್‌ಹೇಲರ್ ಬಿಸಾಡಿ ಕ್ಯೂ ನಿಲ್ಲುವವರು ಈ ಸಾಲನ್ನು ಇನ್ನೊಮ್ಮೆ ಓದಬಹುದು.

ಇನ್ನು ನಾಂಪಲ್ಲಿಯ ಲೆಕ್ಕ. ಮರಿ ಐದು ಗ್ರಾಂ ಅನ್ನಿ. ಕೊರಮೀನು ಬಡಕಲು ಜಿಡ್ಡಿನದು, ಧಾರಾಳವಾಗಿ ಶೇ. 2 ಹಿಡಿದರೂ ಒಟ್ಟು ಕೊಬ್ಬೇ 0.1 ಗ್ರಾಂ, ಅದರಲ್ಲಿ ಒಮೇಗಾ-3 ಒಂದು ಪಾಲು. ಅದೂ ವರ್ಷಕ್ಕೊಮ್ಮೆ! ಈ ಲೆಕ್ಕಕ್ಕೆ ನಮ್ಮ ಕರಾವಳಿಯ ಬೂತಾಯಿ ಪುಳಿಮುಂಚಿ ಎಷ್ಟೋ ವಾಸಿ, ನುಂಗುವಾಗ ಒದೆಯುವುದೂ ಇಲ್ಲ.

ನಗುವ ಪೇಟೆಯವರೂ ಸ್ವಲ್ಪ ತಾಳಿ. ನಿಮ್ಮ ಮೀನೆಣ್ಣೆ ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ. ತಿರುಗಿಸಿ ನೋಡಿ: ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120. ಮಿಕ್ಕ 700 ಬೇರೆ ಕೊಬ್ಬು. ಡೆನ್ಮಾರ್ಕಿನ ಡೋಸ್ ಮುಟ್ಟಲು ದಿನಕ್ಕೆ ಎಂಟು ನುಂಗಬೇಕು.

ನಾಂಪಲ್ಲಿಯಲ್ಲಿ ಸಸ್ಯಾಹಾರಿಗಳಿಗೂ ಏರ್ಪಾಡಿದೆ. ಅದೇ ಮುದ್ದೆ, ಮೀನಿನ ಬದಲು ಬೆಲ್ಲದಲ್ಲಿ. ಬೆಲ್ಲದ ಒಮೇಗಾ-3 ಸೊನ್ನೆ. ಗುಣ ಮಾತ್ರ ಅಷ್ಟೇ ಅಂತೆ.