ಸ್ಪಷ್ಟನೆ: ಹುಳು ಕಂಡರೆ ಸತ್ತು ಮೂರು ದಿನ ಆಗಿದೆಯೇ?

‘ಶವದಲ್ಲಿ ಹುಳು ಇದ್ದರೆ ಸತ್ತು ಮೂರು ದಿನ ಆಗಿದೆ ಎಂದೇ ಅರ್ಥ, ತಜ್ಞರು ಹುಳು ನೋಡಿ ಸತ್ತ ಗಂಟೆಯನ್ನೂ ಹೇಳುತ್ತಾರೆ’ ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಹಸಿರು-ನೀಲಿ ಮಿರುಗುವ ನೊಣಗಳು ಹಗಲಲ್ಲಿ, ಒಳಬರಲು ದಾರಿ ಸಿಕ್ಕರೆ, ಕೆಲವೇ ನಿಮಿಷಗಳಲ್ಲಿ ಹಾಜರಾಗಬಲ್ಲವು. ನಮ್ಮ ಏಪ್ರಿಲ್ ಸೆಕೆಗೆ ಅವುಗಳ ಮೊಟ್ಟೆ ಸಾಮಾನ್ಯವಾಗಿ ಒಂದು ದಿನದೊಳಗೇ ಒಡೆದು ಹುಳು ಹೊರಬರುತ್ತದೆ. ಡಿಸೆಂಬರ್ ಚಳಿಯಲ್ಲಿ ತಡ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ಇನ್ನೂ ತಡ.

ತಜ್ಞರು ಅಳೆಯುವುದು ಹುಳುವಿನ ವಯಸ್ಸನ್ನು. ಹುಳು ಪೊರೆ ಕಳಚುತ್ತಾ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಅದರ ಹಿಂತುದಿಯಲ್ಲಿ ಎರಡು ಉಸಿರು ರಂಧ್ರಗಳಿರುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಎರಡನೇ ಹಂತದ ಹುಳುವಿಗೆ ಪ್ರತಿ ರಂಧ್ರದಲ್ಲೂ ಎರಡು ಸೀಳು, ಮೂರನೇ ಹಂತಕ್ಕೆ ಮೂರು. ಕೆಲವು ಹುಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಆಲ್ಕೋಹಾಲಿನಲ್ಲಿ ಇಡುತ್ತಾರೆ, ಕೆಲವನ್ನು ಸಾಕುತ್ತಾರೆ; ರೆಕ್ಕೆ ಬಂದ ಮೇಲೆ ಜಾತಿ ಗುರುತಿಸುವುದು ಸಲೀಸು. ಇದಕ್ಕೆ ಆ ಜಾಗದ ಉಷ್ಣಾಂಶ ಸೇರಿಸಿ ಲೆಕ್ಕ ಹಾಕಿದರೆ ಸಿಗುವುದು ‘ಕನಿಷ್ಠ ಇಷ್ಟು ಹೊತ್ತಾಗಿದೆ’ ಎಂಬ ಅಂದಾಜು. ಗಂಟೆ-ನಿಮಿಷ ಹೇಳುವುದೆಲ್ಲ ಟಿವಿ ಧಾರಾವಾಹಿಯವರ ಕೆಲಸ. ದೇಹದಲ್ಲಿ ಕೊಕೇನ್ ಇದ್ದರೆ ಹುಳು ಬೇಗ ಬೆಳೆದು ಲೆಕ್ಕ ತಪ್ಪಬಹುದು. ಬದುಕಿದ್ದಾಗಲೇ ಗಾಯಕ್ಕೆ ಹುಳು ಬಿದ್ದಿದ್ದರಂತೂ ಹುಳುವಿನ ವಯಸ್ಸು ಸಾವಿಗಿಂತ ಹಿಂದಿನದು.