ಬೆಳಗಿನ ಕೃತಜ್ಞತೆಗೆ ವಿಳಾಸ ಇರಲಿ

ಬೆಂಗಳೂರಿನಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬರುವ ಕಾವೇರಿ ನೀರು ಎಲ್ಲಿಂದ ಹೊರಟು ಬಂದದ್ದು ಅಂತ ಯೋಚಿಸಿದ್ದೀರಾ? ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಟಿ.ಕೆ. ಹಳ್ಳಿ ಅಂತಲೇ ಎಲ್ಲರೂ ಕರೆಯುತ್ತಾರೆ. ಇಲ್ಲಿಗೆ ಸುಮಾರು 100 ಕಿಲೋಮೀಟರ್. ಬರೀ ದೂರದ ಮಾತಲ್ಲ ಇದು. ಬೆಂಗಳೂರು ಎತ್ತರದಲ್ಲಿದೆ, ನದಿ ಕೆಳಗಿದೆ. ಹಾಗಾಗಿ ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ನೀರನ್ನು ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ಹಗಲೂ ರಾತ್ರಿ. ನಾವು ಹೊದ್ದು ಮಲಗಿರುವಾಗ ಅಲ್ಲಿ ರಾತ್ರಿ ಪಾಳಿಯವರು ಪಂಪಿನ ಸದ್ದಿಗೆ ಕಿವಿ ಕೊಟ್ಟು ಎದ್ದಿರುತ್ತಾರೆ.

1974ಕ್ಕೆ ಮುಂಚೆ ಕಾವೇರಿ ನೀರು ಈ ಊರಿಗೆ ಬರುತ್ತಲೇ ಇರಲಿಲ್ಲ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ನೀರೇ ಗತಿ. ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿದ್ದು ತೀರಾ ಈಚೆಗೆ, 2024ರ ಅಕ್ಟೋಬರಿನಲ್ಲಿ. ನಗರದ ಅಂಚಿನ 110 ಹಳ್ಳಿಗಳು ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದವು.

ಇಷ್ಟು ತಿಳಿದ ಮೇಲೆ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು ಅಂತ ನನಗೆ ಯಾರೂ ಹೇಳಬೇಕಾಗಲಿಲ್ಲ. ಕೈ ತಾನಾಗಿಯೇ ನಲ್ಲಿ ಹತ್ತಿರ ಹೋಗುತ್ತದೆ.

ದಿನವನ್ನು ಕೃತಜ್ಞತೆಯಿಂದ ಶುರು ಮಾಡಿ ಅನ್ನುವ ಮಾತು ಈಗ ಎಲ್ಲ ಕಡೆ ಕೇಳಿಸುತ್ತದೆ. ಒಳ್ಳೆಯ ಮಾತೇ. ಆದರೆ ಅದಕ್ಕೊಂದು ವಿಳಾಸ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾರಿಗೆ, ಯಾವುದಕ್ಕೆ ಅಂತ ಗೊತ್ತಿಲ್ಲದೆ ಸುಮ್ನೆ ಕಣ್ಣು ಮುಚ್ಚಿ "ಎಲ್ಲದಕ್ಕೂ ಧನ್ಯವಾದ" ಅಂದರೆ ನಾಲ್ಕು ದಿನಕ್ಕೆ ಅದು ಬಾಯಿಪಾಠ ಆಗಿಬಿಡುತ್ತದೆ. ವಿಳಾಸ ಹುಡುಕಲು ಹೊರಟರೆ ಮಾತ್ರ ಪ್ರತಿದಿನ ಏನಾದರೂ ಹೊಸದು ಸಿಗುತ್ತದೆ. ಕಲಿಯುವ ಆಸೆ ಇಲ್ಲದ ಕೃತಜ್ಞತೆ ಬೇಗ ಒಣಗುತ್ತದೆ ಅಂತ ನಾನು ಹೇಳುವುದು ಅದಕ್ಕೇ.

ಇದನ್ನು ಮನಶ್ಶಾಸ್ತ್ರದವರು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲ 2003ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾಯಿತು. ತಮಗೆ ಸಿಕ್ಕ ಒಳ್ಳೆಯದನ್ನು ವಾರಕ್ಕೊಮ್ಮೆ ಬರೆದಿಟ್ಟವರು, ತೊಂದರೆಗಳನ್ನು ಬರೆದಿಟ್ಟವರಿಗಿಂತ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದ ಇದ್ದರು. ಆಮೇಲೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಅವರ ಜೊತೆಯವರು ಇನ್ನೊಂದು ವಿಷಯ ಕಂಡುಕೊಂಡರು. ವಾರಕ್ಕೊಂದು ಸಲ ಬರೆದವರಿಗೆ ಅನುಕೂಲ ಆಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಅದನ್ನೇ ಅದನ್ನೇ ಬರೆದು ಬೇಜಾರಾಗಿರಬಹುದು ಅಂತ ಅವರ ಊಹೆ. ನನಗೂ ಹಾಗೇ ಅನ್ನಿಸುತ್ತದೆ. "ಮನೆ, ಆರೋಗ್ಯ, ಕುಟುಂಬ" ಅಂತ ದಿನಾ ಬರೆದರೆ ಮನಸ್ಸು ಎಷ್ಟು ದಿನ ಕಿವಿಗೊಟ್ಟೀತು?

ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ಮೊದಲೇ ಗೊತ್ತಿತ್ತು. ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ತ್ರಿಪದಿಗಳಲ್ಲಿ, ಬೆಳಗೆದ್ದು ಮೊದಲು ನೆನೆಯುವುದು ಭೂಮಿತಾಯಿಯನ್ನು. ಅದೂ ಎಂಥ ಭೂಮಿತಾಯಿ? ಎಳ್ಳು, ಜೀರಿಗೆ ಬೆಳೆಯುವವಳು. ನೋಡಿ, ಹೆಸರು ಹಿಡಿದು, ಬೆಳೆ ಹಿಡಿದು ನೆನೆಯುತ್ತಾರೆ. ಕೈಯಲ್ಲಿ ಕಾಳು ಹಿಡಿದು ಕೂತವರ ಕೃತಜ್ಞತೆ ಅದು. ನನಗೆ ಅದಕ್ಕಿಂತ ಚೆಂದದ ಬೆಳಗಿನ ಪ್ರಾರ್ಥನೆ ಇನ್ನೊಂದಿಲ್ಲ.

ನಾನು ಮಾಡುವುದು ಇಷ್ಟೇ. ಬೆಳಿಗ್ಗೆ ಹಾಲು ಕಾಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ. ಕಣ್ಣೆದುರಿಗಿರುವ ಒಂದು ವಸ್ತು ಯಾರ್ಯಾರ ಕೈ ದಾಟಿ ನಮ್ಮನೆಗೆ ಬಂತು ಅಂತ ಕೇಳಿಕೊಳ್ಳುತ್ತೇನೆ. ಗೊತ್ತಿದ್ದರೆ ಅವರನ್ನು ನೆನೆಯುತ್ತೇನೆ. ಗೊತ್ತಿಲ್ಲದಿದ್ದರೆ ಅವತ್ತೇ ಯಾರನ್ನಾದರೂ ಕೇಳುತ್ತೇನೆ.

ಹಾಲಿನದೇ ತಗೊಳ್ಳಿ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಸೀಮೆಹಸು ಇವೆ, ಊರ ಡೈರಿಗೆ ಹಾಲು ಹಾಕುತ್ತಾರೆ. ಕತ್ತಲಿರುವಾಗಲೇ ಎದ್ದು ಸಗಣಿ ಬಾಚಬೇಕು. ಕೊಟ್ಟಿಗೆ ತೊಳೆಯಬೇಕು. ಹಿಂಡಿ, ಬೂಸ ಕಲಸಿ ಇಟ್ಟು, ಕೆಚ್ಚಲು ತೊಳೆದು ಹಾಲು ಕರೆಯಬೇಕು. ಆಮೇಲೆ ಕ್ಯಾನ್ ಹಿಡಿದು ಡೈರಿ ಮುಂದೆ ಸಾಲು. ಸಂಜೆ ಮತ್ತೆ ಅದೇ ಕೆಲಸ. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ನೆಂಟರ ಮದುವೆಗೆ ಹೋದರೂ ಸಂಜೆ ಕರೆಯುವ ಹೊತ್ತಿಗೆ ಮನೆಗೆ ಬಂದುಬಿಡಬೇಕು. ಡೈರಿಯಲ್ಲಿ ಫ್ಯಾಟು (ಹಾಲಿನ ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿಯೇ ದುಡ್ಡು. ಫ್ಯಾಟ್ ಯಾಕೆ ಏರಿಳಿಯುತ್ತದೆ ದೊಡ್ಡಮ್ಮ ಅಂತ ಕೇಳಿದ್ದೆ. "ಬರೀ ಹಸಿಮೇವು ಹಾಕಿದ್ರೆ ಹಾಲೇನೋ ಜಾಸ್ತಿ ಬರ್ತದೆ ಕಣಪ್ಪ, ಫ್ಯಾಟು ಬಿದ್ದೋಗ್ತದೆ. ಒಣಹುಲ್ಲೂ ಸೇರಿಸ್ಬೇಕು" ಅಂದರು. ಶಾಲೆಗೆ ಹೆಚ್ಚು ದಿನ ಹೋಗದ ದೊಡ್ಡಮ್ಮನ ಹತ್ತಿರ ಇಂಥ ತಿಳಿವಳಿಕೆ ಎಷ್ಟಿದೆಯೋ! ಡೈರಿ ಬಟವಾಡೆಯ ದುಡ್ಡಲ್ಲೇ ಅವರ ಮಕ್ಕಳು ಓದಿದ್ದು. ನನ್ನ ಮುಂದಿರುವ ಅರ್ಧ ಲೀಟರ್ ಪ್ಯಾಕೆಟ್ಟಿನ ಹಿಂದೆ ಅಂಥ ಎಷ್ಟೋ ಮನೆಗಳ ಬೆಳಗಿದೆ.

ಇನ್ನು ಬೀದಿ. ನಾವು ಬಾಗಿಲು ತೆಗೆಯುವ ಹೊತ್ತಿಗೆ ಬೀದಿ ಗುಡಿಸಿ ಆಗಿರುತ್ತದೆ. ನಮ್ಮ ಬೀದಿ ಗುಡಿಸುವ ಅಕ್ಕನಿಗೆ "ನಿಮಗೆ ಜಾಸ್ತಿ ತೊಂದರೆ ಕೊಡೋದು ಯಾವುದು ಅಕ್ಕಾ?" ಅಂತ ಕೇಳಿದೆ. ವಾಸನೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಗಾಜು ಅಂದರು. ಕವರಿನೊಳಗೆ ಒಡೆದ ಗಾಜು, ಬ್ಲೇಡು ಇದ್ದರೆ ಕಾಣುವುದಿಲ್ಲ, ಕೈ ಹಾಕಿದಾಗಲೇ ಗೊತ್ತಾಗುವುದು. ಅವತ್ತಿನಿಂದ ನಮ್ಮನೆಯಲ್ಲಿ ಗಾಜು ಒಡೆದರೆ ದಪ್ಪ ಪೇಪರಿನಲ್ಲಿ ಸುತ್ತಿ, ಬೇರೆಯಾಗಿ, ಹೇಳಿ ಕೊಡುತ್ತೇವೆ. ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕುತ್ತೇವೆ. ದಯವಿಟ್ಟು ನೀವೂ ಮಾಡಿ. ಕೈ ಮುಗಿದು ನಮಸ್ಕಾರ ಹೇಳುವುದಕ್ಕಿಂತ ಇದು ಅವರಿಗೆ ಮುಖ್ಯ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. "ಇದ್ದಿದ್ದರಲ್ಲಿ ಖುಷಿಯಾಗಿರು" ಅಂತ ಕಷ್ಟದಲ್ಲಿ ಇರುವವರ ಬಾಯಿ ಮುಚ್ಚಿಸುವುದಕ್ಕೂ ಕೃತಜ್ಞತೆಯ ಹೆಸರು ಬಳಸುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಯಾರ ದುಡಿಮೆಯಿಂದ ನಮ್ಮ ಬೆಳಗು ನಡೆಯುತ್ತದೋ ಅವರಿಗೆ ಋಣಿಯಾಗಿರಬೇಕಾದವರು ನಾವು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತರು. ಆಗ ಕಸ ರಾಶಿ ಬಿತ್ತು ಅಂತ ಸಿಟ್ಟಾದವರು ಬಹಳ ಜನ. ದಿನಾ ಗುಡಿಸಿದವರನ್ನು ನೆನೆಯುವ ಅಭ್ಯಾಸ ಇದ್ದಿದ್ದರೆ ಆ ಸಿಟ್ಟು ಅವರ ಮೇಲೆ ತಿರುಗುತ್ತಿರಲಿಲ್ಲ, ಅಲ್ವಾ? 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಅಂದು ಬೆಳಿಗ್ಗೆ ನನಗೆ ನಿಜವಾಗಿಯೂ ಹೊಟ್ಟೆ ತುಂಬಿದ ಹಾಗಾಯಿತು.

ಸದ್ಯ ನಾನು ಬೇರೆ ಊರುಗಳ ನೀರಿನ ಬೆನ್ನು ಹತ್ತಿದ್ದೇನೆ. ಮಂಗಳೂರಿಗೆ ನೇತ್ರಾವತಿಯ ತುಂಬೆಯಿಂದ ಬರುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯಿಂದ. ನಿಮ್ಮೂರಿನ ನಲ್ಲಿಗೆ ಎಲ್ಲಿಂದ? ಯಾವ ಕೆರೆ, ಯಾವ ಹೊಳೆ? ನೀರು ಬಿಡುವ ವಾಟರ್‌ಮ್ಯಾನ್ ಯಾರು, ಎಷ್ಟು ಹೊತ್ತಿಗೆ ಏಳುತ್ತಾರೆ? ನಾಳೆ ಬೆಳಿಗ್ಗೆ ಅವರನ್ನೇ ಕೇಳಿ, ಇಲ್ಲಿ ಬರೆಯಿರಿ.