ಡಬ್ಬದ ಮಾಂಸಕ್ಕೆ ಒಣಮೀನಿನ ಕ್ರಮ

ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡು ಬದುಕುವವರ ಅಡುಗೆಕಟ್ಟೆಯ ಕೆಳಗೆ ಇಣುಕಿದರೆ ಮಾಂಸದ ಡಬ್ಬಗಳ ಸಾಲೊಂದು ಇದ್ದೇ ಇರುತ್ತದೆ: ಉಪ್ಪಿನಲ್ಲಿ ಹದಗೊಳಿಸಿದ ಕಾರ್ನ್ಡ್ ಬೀಫ್, ಗ್ರೇವಿಯಲ್ಲಿ ಬೆಂದ ಸ್ಟ್ಯೂಡ್ ಸ್ಟೀಕ್, ಹಂದಿಮಾಂಸವನ್ನು ಅರೆದು ಒತ್ತಿದ ಸ್ಪ್ಯಾಮ್, ಹ್ಯಾಮ್, ಉಪ್ಪುನೀರಿನಲ್ಲಿ ಮುಳುಗಿದ ಕೋಳಿ ತುಂಡು. ಕುಂದಾಪುರದ ಕಡೆಯಿಂದ ಬಂದು ಕೆನೆಟ್ ಆಂಡ್ ಏವನ್ ಕಾಲುವೆಯ ಮೇಲೆ ನ್ಯಾರೋಬೋಟ್ ಎಂಬ ಕಿರಿದಾದ ಉದ್ದನೆಯ ದೋಣಿಯಲ್ಲಿ ಸಂಸಾರ ಹೂಡಿರುವ ನನಗೆ ಈ ಡಬ್ಬಗಳ ವಿಷಯದಲ್ಲಿ ಎರಡೂ ಕಡೆಯವರೊಡನೆ ತಕರಾರಿದೆ. ಊರಿನವರು ಇದನ್ನು ಮಾಂಸವೆಂದೇ ಒಪ್ಪುವುದಿಲ್ಲ. ಇಲ್ಲಿನವರು ತಾಜಾ ಮಾಂಸದ ಜಾಗದಲ್ಲಿ ಇದನ್ನೇ ತಟ್ಟೆ ತುಂಬ ಬಡಿಸಿಕೊಳ್ಳುತ್ತಾರೆ. ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಒಣಮೀನನ್ನು ನಡೆಸಿಕೊಳ್ಳುವ ಹಾಗೆ ಇದನ್ನೂ ನಡೆಸಿಕೊಳ್ಳಬೇಕೆಂಬುದು ನನ್ನ ಅನಿಸಿಕೆ.

ದೋಣಿಯಲ್ಲಿ ಡಬ್ಬಗಳು ಏಕೆ ಬೇಕಾಗುತ್ತವೆ ಎಂಬುದನ್ನು ಮೊದಲು ಹೇಳಬೇಕು. ಮಧ್ಯ ಇಂಗ್ಲೆಂಡಿನ ಹಳೆಯ ಕಾಲುವೆಗಳ ಲಾಕುಗಳು (ನೀರನ್ನು ಏರಿಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲುಕಟ್ಟೆಗಳು) ಸುಮಾರು 7 ಅಡಿ ಅಗಲದವಾದ್ದರಿಂದ ಅವುಗಳಲ್ಲಿ ತೂರಬೇಕಾದ ನ್ಯಾರೋಬೋಟಿನ ಅಗಲವೂ ಅಷ್ಟಕ್ಕೇ ನಿಲ್ಲುತ್ತದೆ. ಅದರೊಳಗೇ ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವೂ ಹೊಂದಿಕೊಳ್ಳಬೇಕು. ಖಾಯಂ ಕಟ್ಟುದಾಣವಿಲ್ಲದ ದೋಣಿ ಒಂದೇ ಸ್ಥಳದಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂದು 1995ರ ಕಾಯ್ದೆ ಹೇಳುತ್ತದೆ. ಹೀಗಾಗಿ ಒಂದು ವಾರ ಅಂಗಡಿಯ ಪಕ್ಕದಲ್ಲಿದ್ದ ಮನೆ ಮುಂದಿನ ವಾರ ಹೊಲಗಳ ನಡುವೆ ಇರುತ್ತದೆ. ಚಳಿಗಾಲದಲ್ಲಿ ಲಾಕುಗಳ ದುರಸ್ತಿಗೆಂದು ಕಾಲುವೆಯನ್ನು ಅಲ್ಲಲ್ಲಿ ಮುಚ್ಚುತ್ತಾರೆ, ಕೆಲವು ದಿನ ನೀರೇ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಎಂಟು ಗಂಟೆಯ ಮಂಕು ಹಗಲಿನಲ್ಲಿ ಸೌರಫಲಕಗಳು ಬ್ಯಾಟರಿ ತುಂಬಿಸಲಾರವು. ಆಗ ಮೊದಲು ಆರಿಸುವುದು ಫ್ರಿಜ್ಜನ್ನೇ. ಹಾಲನ್ನೇನೋ ಹೊರಗಿನ ಚಳಿಯಲ್ಲಿಟ್ಟು ಕಾಪಾಡಬಹುದು, ಆದರೆ ಹಸಿ ಮಾಂಸವನ್ನು ಹವಾಮಾನದ ಭರವಸೆಯ ಮೇಲೆ ಬಿಡುವ ಧೈರ್ಯ ನನಗಿಲ್ಲ.

ನಮ್ಮ ಕಡೆಯ ದೋಣಿಗಳಲ್ಲೂ ಅಡುಗೆ ನಡೆಯುತ್ತದೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳವರು ಅಕ್ಕಿ, ತೆಂಗಿನಕಾಯಿ, ಮಸಾಲೆ ಒಯ್ಯುತ್ತಾರೆ. ಪದಾರ್ಥಕ್ಕೆ ಬೇಕಾದ ಮೀನು ಬಲೆಯಲ್ಲೇ ಬರುತ್ತದೆ. ಅವರಿಗೆ ಡಬ್ಬದ ಅಗತ್ಯವಿಲ್ಲ. ಕೂಡಿಟ್ಟು ತಿನ್ನುವ ಬುದ್ಧಿ ಬೇಕಾಗಿದ್ದುದು ದಡದಲ್ಲಿರುವ ಮನೆಗಳಿಗೆ. ಈಗ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ನಿಷೇಧವಿಲ್ಲದ ಕಾಲದಲ್ಲೂ ಮಳೆಗಾಲದ ಕಡಲಿಗೆ ಇಳಿಯುವುದು ಸುಲಭವಿರಲಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿಟ್ಟ ಬಂಗುಡೆ, ಸಿಗಡಿಗಳಿಂದಲೇ ಆ ತಿಂಗಳುಗಳು ಕಳೆಯುತ್ತಿದ್ದವು. ಅದೇ ಒಣಮೀನನ್ನು ಇಲ್ಲಿ ತಂದಿಟ್ಟುಕೊಳ್ಳಬಾರದೇಕೆ ಎಂದು ದೊಡ್ಡಮ್ಮ ಫೋನಿನಲ್ಲಿ ಕೇಳುವುದುಂಟು. ಉಕ್ಕಿನ ದೋಣಿಯ ಒಳಗೋಡೆಗಳಲ್ಲಿ ಚಳಿಗಾಲವಿಡೀ ಹನಿ ಕಟ್ಟುತ್ತದೆ, ಒಣಗಿದ್ದೆಲ್ಲ ಮೆತ್ತಗಾಗುತ್ತದೆ. ಅದಕ್ಕೂ ಮಿಗಿಲಾಗಿ, ಕಿಟಕಿ ಮುಚ್ಚಿದ ಏಳಡಿಯ ಕೋಣೆಯಲ್ಲಿ ಒಣಮೀನು ಹುರಿದರೆ ಆ ರಾತ್ರಿ ಮಲಗುವುದೂ ಅದರ ಜೊತೆಯಲ್ಲೇ.

ಡಬ್ಬದ ಮಾಂಸವನ್ನು ಸರಿಯಾಗಿ ಬೇಯಿಸಬೇಕಾದರೆ ಅದು ಈಗಾಗಲೇ ಎಷ್ಟು ಬೆಂದಿದೆಯೆಂಬುದು ತಿಳಿದಿರಬೇಕು. ಫ್ರಾನ್ಸಿನ ನಿಕೊಲಾ ಅಪೇರ್ ಆಹಾರವನ್ನು ಗಾಜಿನ ಬಾಟಲಿಗಳಲ್ಲಿ ಮುಚ್ಚಿ ಕುದಿಸಿಡುವ ತನ್ನ ವಿಧಾನವನ್ನು 1810ರಲ್ಲಿ ಪ್ರಕಟಿಸಿದ; 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸಿಯಲ್ಲಿ ಬ್ರಯಾನ್ ಡಾಂಕಿನ್‌ನ ಕಾರ್ಖಾನೆ ತವರದ ಲೇಪವಿದ್ದ ಡಬ್ಬಗಳಲ್ಲಿ ಮಾಂಸ ತುಂಬಿ ನೌಕಾಪಡೆಗೆ ಕೊಡತೊಡಗಿತ್ತು. ಆಹಾರ ಕೆಡದಿರುವುದರ ಕಾರಣ ಪಾಶ್ಚರ್‌ನಿಂದ ತಿಳಿದದ್ದು ಅರ್ಧ ಶತಮಾನದ ಅನಂತರ. ಇಂದಿನ ಕಾರ್ಖಾನೆಗಳಲ್ಲಿ ಮುಚ್ಚಿದ ಡಬ್ಬವನ್ನು ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಬಾಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಬರಿಯ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಡಬ್ಬದ ನಟ್ಟನಡುವಿನ ತುಂಡಿಗೂ 121 ಡಿಗ್ರಿ ಸೆಲ್ಸಿಯಸ್ ಶಾಖದ ಮೂರು ನಿಮಿಷಕ್ಕೆ ಸಮನಾದ ಬಿಸಿ ತಗಲಬೇಕು. ನಮ್ಮ ಮನೆಯ ಪ್ರೆಷರ್ ಕುಕ್ಕರು ಸೀಟಿ ಹಾಕುವ ಹೊತ್ತಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಶಾಖ ನಡುವಿಗೆ ಮುಟ್ಟುವಷ್ಟರಲ್ಲಿ ಅಂಚಿನ ಮಾಂಸವಂತೂ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೆಂದಿರುತ್ತದೆ.

ಹೀಗೆ ಬೆಂದುಬಂದ ಮಾಂಸವನ್ನು ನಮ್ಮವರು ಹಸಿ ಮಾಂಸದಂತೆ ಮಸಾಲೆಯೊಡನೆ ಮತ್ತೆ ಅರ್ಧ ಗಂಟೆ ಕುದಿಸುತ್ತಾರೆ. ಕೋಳಿ ನಾರುನಾರಾಗುತ್ತದೆ, ಕಾರ್ನ್ಡ್ ಬೀಫ್ ಕರಗಿ ಗಂಜಿಯಾಗುತ್ತದೆ, ಅದರೊಳಗಿದ್ದ ಉಪ್ಪೆಲ್ಲ ಸಾರಿಗಿಳಿಯುತ್ತದೆ. ಅನಂತರ ‘ಡಬ್ಬದ ಮಾಂಸಕ್ಕೆ ರುಚಿಯಿಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಅಡುಗೆಯ ಕ್ರಮವನ್ನೇ ತಿರುಗಿಸಬೇಕು. ಈರುಳ್ಳಿ, ಮಸಾಲೆ, ಕಾಯಿ, ಹುಳಿ ಎಲ್ಲವೂ ಹಸಿ ವಾಸನೆ ಹೋಗಿ ಪೂರ್ತಿ ಬೆಂದ ಮೇಲೆ ಮಾಂಸ ಹಾಕಿ, ಬಿಸಿಯೇರಿದೊಡನೆ ಇಳಿಸಬೇಕು. ಉಪ್ಪನ್ನು ಕೊನೆಗೆ ರುಚಿ ನೋಡಿ, ಬೇಕಾದರೆ ಮಾತ್ರ ಹಾಕಬೇಕು.

ಈ ವಿಷಯದಲ್ಲಿ ಇಂಗ್ಲಿಷರ ಕಾರ್ನ್ಡ್ ಬೀಫ್ ಹ್ಯಾಶ್ ಎಂಬ ತಿನಿಸನ್ನು ಹೊಗಳಲೇಬೇಕು. ಬೇಯಿಸಿದ ಆಲೂಗಡ್ಡೆ ಮತ್ತು ಈರುಳ್ಳಿಯನ್ನು ಒಂದೇ ಬಾಣಲೆಯಲ್ಲಿ ಕೆಂಪಗೆ ಹುರಿದು, ಕೊನೆಯಲ್ಲಿ ಮಾಂಸವನ್ನು ಪುಡಿಮಾಡಿ ಹಾಕಿ, ತಳ ಗರಿಗರಿಯಾಗುವವರೆಗೆ ಕೈ ಆಡಿಸದೆ ಬಿಡುತ್ತಾರೆ. ಮಾಂಸದ ಕೊಬ್ಬೇ ಎಣ್ಣೆಯ ಕೆಲಸ ಮಾಡುತ್ತದೆ, ಆಲೂಗಡ್ಡೆ ಉಪ್ಪನ್ನು ಹೀರಿಕೊಳ್ಳುತ್ತದೆ, ಗ್ಯಾಸು ಹೆಚ್ಚು ಉರಿಯುವುದಿಲ್ಲ. ಪಕ್ಕದ ದೋಣಿಯವರು ಒಂದು ಸಣ್ಣ ಡಬ್ಬದಲ್ಲಿ ನಾಲ್ವರಿಗೆ ಇದನ್ನು ಮಾಡಿ ಬಡಿಸುವುದನ್ನು ಕಂಡಿದ್ದೇನೆ. ಆದರೆ ಅವರೇ ಸ್ಟ್ಯೂಡ್ ಸ್ಟೀಕಿನ ಡಬ್ಬವನ್ನು ತೆರೆದು ಬಿಸಿಮಾಡಿ ಹಾಗೆಯೇ ತಟ್ಟೆಗೆ ಸುರಿದುಕೊಳ್ಳುವುದನ್ನು ನೋಡಿದಾಗ ಹ್ಯಾಶಿನ ಜಾಣತನ ಎಲ್ಲಿ ಹೋಯಿತೆಂದು ಬೆರಗಾಗುತ್ತದೆ.

ಒಣ ಸಿಗಡಿಯ ಚಟ್ನಿ ಮಾಡುವವರು ಹಿಡಿ ಸಿಗಡಿಯಲ್ಲಿ ಮನೆಮಂದಿಗೆಲ್ಲ ಗಂಜಿ ಉಣ್ಣಿಸುತ್ತಾರೆ. ಆ ಅಳತೆಯನ್ನೇ ನಾನು ಸ್ಪ್ಯಾಮಿಗೆ ಹಿಡಿಯುತ್ತೇನೆ. ಅದನ್ನು ಸಣ್ಣಗೆ ಹೆಚ್ಚಿ, ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಗರಿಯಾಗುವಂತೆ ಹುರಿದು, ಹುರಿದ ಬ್ಯಾಡಗಿ ಮೆಣಸು, ಒಣ ಕೊಬ್ಬರಿ, ಚೂರು ಹುಣಸೆ, ಹಸಿ ಈರುಳ್ಳಿಯೊಡನೆ ಕುಟ್ಟಾಣಿಯಲ್ಲಿ ತರಿತರಿಯಾಗಿ ಜಜ್ಜಿದರೆ ಕುಚ್ಚಲಕ್ಕಿ ಗಂಜಿಗೆ ಸರಿಯಾದ ಜೊತೆ ಸಿಗುತ್ತದೆ. (ಮಿಕ್ಸಿಗೆ ಚಳಿಗಾಲದ ಬ್ಯಾಟರಿ ಒಗ್ಗುವುದಿಲ್ಲ.) ಕುಚ್ಚಲಕ್ಕಿಯನ್ನು ಗ್ಯಾಸಿನ ಮೇಲೆ ಬೇಯಿಸುವುದು ದುಂದು, ದೋಣಿ ಬೆಚ್ಚಗಿರಲೆಂದು ಹಗಲಿರುಳು ಉರಿಯುವ ಕಲ್ಲಿದ್ದಲ ಒಲೆಯ ತಲೆಯ ಮೇಲಿಟ್ಟರೆ ಅದು ತಾನಾಗಿ ಅರಳುತ್ತದೆ. ಡಬ್ಬದ ಕೋಳಿ ಸುಕ್ಕಕ್ಕೆ ಒದಗುತ್ತದೆ, ಸಾರಿಗೆ ಒದಗುವುದಿಲ್ಲ. ಎಲುಬಿಲ್ಲದ, ರಸವೆಲ್ಲ ಉಪ್ಪುನೀರಿಗೆ ಬಿಟ್ಟುಕೊಟ್ಟ ಮಾಂಸದಿಂದ ಸಾರಿಗೆ ಸತ್ವ ಬರುವುದಾದರೂ ಎಲ್ಲಿಂದ?

ಎಚ್ಚರದ ವಿಷಯದಲ್ಲಿ ಮಾತ್ರ ಒಣಮೀನಿನ ಅಭ್ಯಾಸ ಸಾಲದು. ಒಣಮೀನು ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ, ಡಬ್ಬದೊಳಗಿನ ಕೇಡು ಹಾಗೆ ತಿಳಿಯಬೇಕೆಂದಿಲ್ಲ. 1964ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ 400ಕ್ಕೂ ಹೆಚ್ಚು ಮಂದಿಗೆ ಟೈಫಾಯ್ಡ್ ತಗುಲಿದಾಗ ಅದರ ಮೂಲವನ್ನು ಹುಡುಕಿದವರು ತಲುಪಿದ್ದು ಅರ್ಜೆಂಟೀನಾದ ಕಾರ್ನ್ಡ್ ಬೀಫ್ ಡಬ್ಬಕ್ಕೆ. ಬೇಯಿಸಿದ ಡಬ್ಬವನ್ನು ಶುದ್ಧೀಕರಿಸದ ನದಿನೀರಿನಲ್ಲಿ ತಣಿಸಿದ್ದರು; ತಣಿಯುವಾಗ ಒಳಗೆ ನಿರ್ವಾತ ಉಂಟಾಗುವುದರಿಂದ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಹೊರಗಿನ ನೀರು ಒಳಸೇರುತ್ತದೆ. ಅಂಗಡಿಯ ಮಾಂಸ ಕತ್ತರಿಸುವ ಯಂತ್ರ ರೋಗಾಣುವನ್ನು ಬೇರೆ ಮಾಂಸಗಳಿಗೂ ಹಂಚಿತು. ದೋಣಿಯ ತೇವದಲ್ಲಿ ಡಬ್ಬಕ್ಕೆ ತುಕ್ಕು ಹಿಡಿಯುವುದು ಸಹಜ. ಒರೆಸಿದರೆ ಹೋಗುವ ತುಕ್ಕಿಗೆ ಹೆದರಬೇಕಿಲ್ಲ. ಗುಳಿಬಿದ್ದ ತುಕ್ಕು, ಬೆಸುಗೆಯ ಮೇಲೆ ನೆಗ್ಗು, ಉಬ್ಬಿದ ಮುಚ್ಚಳ ಕಂಡರೆ ಬಿಸಾಡಬೇಕು. ತೆರೆದ ಡಬ್ಬವಂತೂ ತಾಜಾ ಮಾಂಸಕ್ಕೆ ಸಮ. ಹೀಗಾಗಿ ಫ್ರಿಜ್ಜಿಲ್ಲದ ವಾರಗಳಲ್ಲಿ, ಬೆಲೆ ಸ್ವಲ್ಪ ಹೆಚ್ಚಾದರೂ, ಒಂದೇ ಊಟಕ್ಕೆ ಮುಗಿಯುವ ಸಣ್ಣ ಡಬ್ಬವೇ ಲೇಸು. ಪಾತ್ರೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿಯೇ ತೊಳೆಯಬೇಕು, ಏಕೆಂದರೆ ನ್ಯಾರೋಬೋಟಿನ ಸಿಂಕಿನ ನೀರು ನೇರವಾಗಿ ಕಾಲುವೆಗೇ ಹೋಗುತ್ತದೆ.

ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಅಂಗಡಿಯಲ್ಲಿ ಮೊದಲು ಕೈಹಾಕುವುದು ‘ಚಿಕನ್ ಕರಿ’ ಎಂದು ಬರೆದ ಡಬ್ಬಕ್ಕೆ, ಹೆಸರಾದರೂ ಪರಿಚಿತವಲ್ಲವೆ! ನಾನು ದೋಣಿಗೆ ತರಬಾರದೆಂದು ನಿಶ್ಚಯಿಸಿರುವುದು ಅದೊಂದನ್ನೇ. ಒತ್ತಡದ ಹಬೆಯಲ್ಲಿ ಕೊತ್ತಂಬರಿ, ಜೀರಿಗೆಯ ಪರಿಮಳ ಉಳಿಯುವುದಿಲ್ಲ, ಮಂದ ಮಾಡಲು ಬೆರೆಸಿದ ಹಿಟ್ಟು ಮಾತ್ರ ನಾಲಿಗೆಗೆ ಅಂಟುತ್ತದೆ. ಅದೇ ಹಣಕ್ಕೆ ಬರಿಯ ಮಾಂಸದ ಡಬ್ಬ ಕೊಂಡು, ಊರಿನಿಂದ ಬಂದ ಕುಂದಾಪುರದ ಮಸಾಲೆ ಪುಡಿಯನ್ನು ಎರಡು ಚಮಚ ಹುರಿದು ಬೆರೆಸುವುದು ಎಷ್ಟೋ ಮೇಲು.